ಚೆನ್ನಾಗಿ ಮಾತನಾಡಿದವಳಿಗೆ ತೆರೆಯದ ಬಾಗಿಲು

ಇಸವಿ ೨೧೭೧, ಉರಿಮಾಸದ ಒಂಬತ್ತನೆಯ ದಿನ
ಹೂಳೂರು

ನೂರೈವತ್ತು ವರ್ಷಗಳ ಹಿಂದಿನ ಮಾನ್ಯರೇ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಬೇಸಿಗೆಯು ಹಳೆಯ ಹನ್ನೆರಡು ತಿಂಗಳುಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು, ಮೇ ಮತ್ತು ಜೂನ್ ನಡುವೆ ಹದಿಮೂರನೆಯದೊಂದನ್ನು ಸೇರಿಸಿದರು. ಅದೇ ಉರಿಮಾಸ. ನಾನು ಬಳಸುವ ಕೆಲವು ಮಾತುಗಳೂ ಹೀಗೆಯೇ ನಿಮಗೆ ವಿಚಿತ್ರವೆನಿಸಬಹುದು. ಅದಕ್ಕಾಗಿ ಕ್ಷಮೆ ಕೋರುತ್ತೇನೆ, ಬಂದಲ್ಲಿ ವಿವರಿಸುತ್ತೇನೆ. ಉಳಿದ ಯಾವುದಕ್ಕೂ ನಿಮ್ಮ ಕ್ಷಮೆ ನನಗೆ ಬೇಡ.

ಮಗುವನ್ನು ಕಳೆದುಕೊಂಡ ತಂದೆಗೂ ತಾಯಿಗೂ ನಮ್ಮಲ್ಲಿ ಜೀವಮಾನಕ್ಕೆ ಒಂದೊಂದು ಹಿಂದಂಚೆಯ ಹಕ್ಕಿದೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ. ತಾನು ಹುಟ್ಟುವ ಮೊದಲೇ ಬದುಕಿದ್ದ ಅಪರಿಚಿತರಿಗೆ ಮಾತ್ರ ಅದನ್ನು ಬರೆಯಬಹುದು. ಸತ್ತ ಮಗುವಿಗೆ ಬರೆಯುವಂತಿಲ್ಲ. ನನ್ನ ಹೆಂಡತಿ ಪಾರವ್ವ ತನ್ನ ಹಕ್ಕನ್ನು ಬಿಟ್ಟುಕೊಟ್ಟಳು. ಗುರುತಿಲ್ಲದವರ ಮುಂದೆ ಅತ್ತು ಆಗಬೇಕಾದ್ದೇನು ಎಂದು ಅಂಚೆಯವನನ್ನೇ ಕೇಳಿ ಕಳಿಸಿದಳು. ನಾನು ಅಳುವುದಕ್ಕಾಗಿ ಬರೆಯುತ್ತಿಲ್ಲ.

ಹೂಳೂರು ನಿಮ್ಮ ಕಾಲದಲ್ಲಿ ಇರಲಿಲ್ಲ. ತುಂಗಭದ್ರೆಯ ಜಲಾಶಯ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಪೂರ್ತಿ ಹೂಳಿನಿಂದ ತುಂಬಿತು. ಆ ಹೂಳಿನ ಮೇಲೆಯೇ ನಾವು ಮನೆ ಕಟ್ಟಿಕೊಂಡಿದ್ದೇವೆ. ಬೀದಿಗಳ ಮೇಲೆ ಮನೆಯಿಂದ ಮನೆಗೆ ನೆರಳುಬಟ್ಟೆ ಬಿಗಿದಿರುತ್ತದೆ. ಅದು ಹರಿದಲ್ಲಿ ಜನ ಓಡುತ್ತಾ ದಾಟುತ್ತಾರೆ. ಉರಿಮಾಸದಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಅಂಗಡಿ, ಶಾಲೆ, ಕಚೇರಿ ಎಲ್ಲವೂ ಮುಚ್ಚಿರುತ್ತವೆ. ತಂಪು ಕೋಣೆಯಿದ್ದವರು ಅದರೊಳಗೆ, ಇಲ್ಲದವರು ಒದ್ದೆ ಗೋಣಿಯ ಕೆಳಗೆ. ತಂಪು ಕೋಣೆಯೊಂದಕ್ಕೆ ನಾಲ್ಕು ತಲೆಮಾರು ಅಂಟಿಕೊಂಡು ಜಗಳಗಳು ರಕ್ತಕ್ಕಿಳಿದ ಕಾಲವೊಂದಿತ್ತು. ಅಂದಿನಿಂದ ಹೊರಬಾಳಿನ ಪದ್ಧತಿ ಬಂತು. ಹದಿನೆಂಟು ತುಂಬಿದವರು ಮೂರು ವರ್ಷ ತಂದೆತಾಯಿಯ ಮನೆಯ ಹೊರಗೆ, ಸ್ವಂತ ದುಡಿಮೆಯಲ್ಲಿ ಬದುಕಬೇಕು. ಹಬ್ಬದ ದಿನ ಮಾತ್ರ ಬಂದು ಉಂಡು ಹೋಗಬಹುದು.

ಹಾಗೆ ಹೊರಬಿದ್ದವರಿಗಾಗಿ ಇರುವುದು ಆಸರೆಮನೆ. ಅಲ್ಲಿ ತಂಪು ಕೋಣೆ ಸಿಗುತ್ತದೆ, ಎರಡು ಹೊತ್ತಿನ ಊಟ ಸಿಗುತ್ತದೆ, ವೈದ್ಯರು ಸಿಗುತ್ತಾರೆ, ಕೆಲಸ ಹುಡುಕಿ ಕಾಗದಪತ್ರ ಮಾಡಿಕೊಡುವವರು ಸಿಗುತ್ತಾರೆ, ಕಿವಿಗಾರರು ಸಿಗುತ್ತಾರೆ. ನೀವು ಆಪ್ತಸಮಾಲೋಚಕರು ಎನ್ನುತ್ತಿದ್ದವರನ್ನು ನಾವು ಕಿವಿಗಾರರು ಎನ್ನುತ್ತೇವೆ. ನಿಮ್ಮ ಕಾಲದ ಯುವಕರು ಇಂಥ ಸಹಾಯ ಎಲ್ಲಿದೆಯೆಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರೆಂದು ಓದಿದ್ದೇನೆ. ನಮ್ಮಲ್ಲಿ ಆ ಕಷ್ಟವಿಲ್ಲ. ಪ್ರತಿ ಬಸ್ ನಿಲ್ದಾಣದಿಂದ ನೆಲದ ಮೇಲೆ ಗೇಣಗಲದ ನೀಲಿ ಪಟ್ಟೆ ಹೊರಡುತ್ತದೆ; ಓದುಬರಹ ಬಾರದವರೂ ಅದನ್ನು ತುಳಿಯುತ್ತ ನಡೆದರೆ ಆಸರೆಮನೆಯ ಹೊಸ್ತಿಲಿಗೆ ತಲುಪುತ್ತಾರೆ. ದಾರಿಯನ್ನು ಇಷ್ಟು ಸುಲಭ ಮಾಡಿದ ಮೇಲೆ ಬಾಗಿಲನ್ನು ಕಠಿಣ ಮಾಡಬೇಕಾಯಿತು. ಅದನ್ನು ಮಾಡಿದವನು ನಾನು.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ನಾಲ್ಕು ವರ್ಷ ಹೂಳೂರಿನ ಚರ್ಚಾಫಲಕ ನನ್ನ ಕೈಬಿಟ್ಟು ಹೋಗಲಿಲ್ಲ. ೨೧೫೮ರಲ್ಲಿ, ಕೋಣೆಗಳಿಗಿಂತ ಕೋಣೆ ಕೇಳುವವರು ಹೆಚ್ಚಾದಾಗ, ಊರಸಭೆಯಲ್ಲಿ ಎದ್ದು ನಿಂತು ಎದುರುಮಾತಿನ ಪದ್ಧತಿಯನ್ನು ಮಂಡಿಸಿದೆ. ಸಹಾಯ ಕೇಳುವವರು ಏಳು ನಿಮಿಷ ತಮ್ಮ ಅಗತ್ಯವನ್ನು ಮಂಡಿಸಬೇಕು. ಅವರಿಗೆ ಆ ಅಗತ್ಯವಿಲ್ಲವೆಂದು ಎದುರುಮಾತಿನವನು ಏಳು ನಿಮಿಷ ವಾದಿಸಬೇಕು. ಮೂವರು ಕೇಳಿ ತೀರ್ಮಾನಿಸಬೇಕು. ವಾಚಾಳಿಗಳು ಬಡಪಾಯಿಗಳ ಕೋಣೆ ಕಸಿಯುತ್ತಾರಲ್ಲ ಎಂದು ಯಾರೋ ಆಕ್ಷೇಪಿಸಿದರು. ಆಕ್ಷೇಪ ಸರಿಯಾಗಿತ್ತು. ನಿಂತ ನಿಲುವಿನಲ್ಲೇ ನಾನು ನಾಲ್ಕನೆಯ ನಿಯಮವನ್ನು ಸೇರಿಸಿದೆ: "ತನ್ನ ಸಂಕಟವನ್ನು ಕ್ರಮಬದ್ಧವಾಗಿ ನಿರೂಪಿಸಬಲ್ಲವರು ಅದನ್ನು ಕ್ರಮಬದ್ಧವಾಗಿ ನಿಭಾಯಿಸಲೂ ಬಲ್ಲರು." ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಪಾರವ್ವ ಹಿಂದಿನ ಸಾಲಿನಲ್ಲಿ ಏಳು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗಳೂ ತಟ್ಟಿದಳಂತೆ.

ಅವಳ ಹೆಸರು ನೀಲಗಂಗಾ. ನಮ್ಮ ಮನೆಯಲ್ಲಿ ಯಾವ ವಸ್ತುವೂ ಕೇಳಿದ ಮಾತ್ರಕ್ಕೆ ಸಿಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಕಾರಣಗಳನ್ನು ಮುಂದಿಡಬೇಕು. ನಾನು ವಿರುದ್ಧ ಪಕ್ಷ ವಹಿಸುತ್ತಿದ್ದೆ. ಮೊದಲು ಕೂಸಿಗೆ ಉಣ್ಣಲು ಬಿಡಿರೆಂದು ಪಾರವ್ವ ಎಷ್ಟೋ ಸಲ ಗದರಿದ್ದಾಳೆ. ಒಂದು ಆಡಿನ ಮರಿಗಾಗಿ ಮಗು ಐದು ಸಲ ಸೋತಿತು. ಆರನೆಯ ಸಲ, ಹತ್ತನೆಯ ವಯಸ್ಸಿನಲ್ಲಿ, ಗೆದ್ದಿತು. ಅಂದು ನಾನು ನನ್ನ ತಟ್ಟೆಯಿಂದ ಎದ್ದು ನಿಂತು ಅವಳಿಗೆ ಕೈಮುಗಿದೆ. ಬೇರೆ ತಂದೆಯರು ಮಕ್ಕಳನ್ನು ಎತ್ತಿ ಮುದ್ದಿಸುತ್ತಾರೆ. ನಾನು ಕೊಟ್ಟದ್ದು ಅಷ್ಟು.

ಹೊರಬಾಳಿಗೆ ಹೋದವಳು ನೆರಳುಬಟ್ಟೆ ಹೊಲಿಯುವ ತಂಡದಲ್ಲಿ ಕೆಲಸ ಹಿಡಿದಳು. ಒಂದು ವರ್ಷ ಚೆನ್ನಾಗಿ ನಡೆಯಿತು. ಮರುವರ್ಷ, ಎಂದರೆ ಕಳೆದ ವರ್ಷದ ಏಪ್ರಿಲ್‌ನಲ್ಲಿ, ತಂಡ ಒಡೆಯಿತು. ಜೊತೆಯವರು ಬೇರೆ ಊರು ಹಿಡಿದರು. ಅವಳು ತಗಡಿನ ಮಾಳಿಗೆಯ ಒಂದು ಕೋಣೆಯಲ್ಲಿ ಒಬ್ಬಳೇ ಉಳಿದಳು. ನಿದ್ದೆ ಹೋಯಿತು. ಉಣ್ಣುವುದು ಮರೆತುಹೋಗತೊಡಗಿತು. ಹೊರಗೆ ಹೋಗಲು ಬಾಗಿಲಿನತನಕ ಬಂದು ಮರಳಿ ಕೂರುವ ದಿನಗಳು ಹೆಚ್ಚಾದವು. ಉರಿಮಾಸ ಹುಟ್ಟುವ ಹಿಂದಿನ ವಾರ, ತನಗೆ ಏನೋ ಆಗುತ್ತಿದೆ, ಒಬ್ಬಳಿಂದ ಆಗುವುದಿಲ್ಲ ಎಂದು ತಾನೇ ಅರಿತು, ಬೆಳಿಗ್ಗೆ ಎದ್ದು, ತಲೆ ಬಾಚಿ, ನೀಲಿ ಪಟ್ಟೆ ತುಳಿದು ಆಸರೆಮನೆಗೆ ಹೋದಳು. ಹತ್ತೊಂಬತ್ತರ ವಯಸ್ಸಿಗೆ ಇದಕ್ಕಿಂತ ವಿವೇಕದ ಕೆಲಸವನ್ನು ನಾನು ಕಂಡಿಲ್ಲ.

ಅಂದು ಎದುರುಮಾತಿಗೆ ಕೂತಿದ್ದವನು ಕೊಟ್ರಯ್ಯ. ನನ್ನ ಶಿಷ್ಯ, ನಮ್ಮ ಮನೆಯ ರೊಟ್ಟಿ ತಿಂದವನು. ನೀಲಗಂಗಾ ತನ್ನ ಅಗತ್ಯವನ್ನು ಮೂರು ಅಂಶಗಳಲ್ಲಿ, ಆರು ನಿಮಿಷ ಐವತ್ತು ಸೆಕೆಂಡಿನಲ್ಲಿ ಮಂಡಿಸಿದಳು. ಕೊಟ್ರಯ್ಯನಿಗೆ ಏಳು ನಿಮಿಷ ಬೇಕಾಗಲಿಲ್ಲ. ನಾಲ್ಕನೆಯ ನಿಯಮವನ್ನು ಓದಿ ಕೂತ. ಮೂವರೂ ಒಮ್ಮತದಿಂದ ನಿರಾಕರಿಸಿದರು. ನಿರಾಕರಣೆಯ ಕೆಳಗೆ, ಈಕೆಯ ಮಂಡನೆ ವರ್ಷದಲ್ಲೇ ಶ್ರೇಷ್ಠವಾದುದೆಂದು ಮೆಚ್ಚುಗೆಯನ್ನೂ ಬರೆದರು.

ಸಂಜೆ ಅವಳು ಮನೆಗೆ ಬಂದಳು. ಹಬ್ಬವಿರಲಿಲ್ಲ, ಪದ್ಧತಿ ಮುರಿದಿದ್ದಳು. ನಾನು ಅದನ್ನೇ ಮೊದಲು ಎತ್ತಿ ತೋರಿಸಿದೆ. ಅವಳು ನಡುಮನೆಯ ಕಂಬಕ್ಕೆ ಒರಗಿ ನಿಂತು, ಆಸರೆಮನೆಯಲ್ಲಿ ನಡೆದುದನ್ನು ಹೇಳಿ, ಕೊಟ್ರಯ್ಯನಿಗೆ ನಾನು ಒಂದು ಮಾತು ಹೇಳಬೇಕೆಂದು ಕೇಳಿದಳು. ಸರಿ, ನಿನ್ನ ಮೂರು ಅಂಶ ಹೇಳು, ನೋಡೋಣ ಎಂದೆ.

"ವಾದ ಮುಗೀತಪ್ಪಾ," ಎಂದಳು. "ಈಗ ಬರೇ ಕೇಳಾಕತ್ತೀನಿ."

"ಬರೇ ಕೇಳೋದು ಭಿಕ್ಷುಕರ ಕೆಲಸ."

ಇದು ನಾನು ಆಡಿದ ಮಾತು. ಬೇರೆ ರೀತಿಯಲ್ಲಿ ಆಡಿದ್ದೆನೆಂದು ನೆನಪಿಸಿಕೊಳ್ಳಲು ಒಂದು ವರ್ಷ ಪ್ರಯತ್ನಿಸಿದ್ದೇನೆ, ಆಗಿಲ್ಲ. ಅವಳು ಮೂರು ಅಂಶಗಳನ್ನು ಒಪ್ಪಿಸಿದಳು. ಎರಡನೆಯದನ್ನು ಹೇಳುವಾಗ ತಡೆದು, ತನಗೆ ಬೇರೆ ಗತಿಯಿಲ್ಲವೆಂದಷ್ಟೇ ಹೇಳಿದಳು. ತಂದೆಯ ಮನೆ ಇರುವವರು ಗತಿಯಿಲ್ಲವೆನ್ನುವುದು ತರ್ಕದೋಷವೆಂದು ನಾನು ವಿವರಿಸಿದೆ. ಪಾರವ್ವ ಒಳಗಿನಿಂದ ತಟ್ಟೆ ತಂದು ನಿಂತಿದ್ದಳು. ನನ್ನ ಮಾತು ಮುಗಿಯಲೆಂದು ಕಾದಳು. ಆ ಮನೆಯಲ್ಲಿ ಎಲ್ಲರೂ ಹಾಗೆಯೇ ಕಾಯುತ್ತಿದ್ದರು. ನನ್ನ ಮಾತು ಮುಗಿದಾಗ ಮಗಳು ತಲೆಯಾಡಿಸಿ, "ಹೌದ್ರೀ, ನೀವು ಗೆದ್ರಿ," ಎಂದು ಚಪ್ಪಲಿ ಮೆಟ್ಟಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ.

ಇಪ್ಪತ್ತೆರಡು ದಿನಗಳ ನಂತರ ಆ ತಗಡಿನ ಕೋಣೆಯ ಬಾಗಿಲನ್ನು ನೆರೆಯವರು ಒಡೆದರು. ಸಾವಿಗೆ ಬಿಸಿಲೇ ಕಾರಣವೆಂದು ವೈದ್ಯರು ಬರೆದರು. ಹೊಟ್ಟೆಯಲ್ಲಿ ಒಂದು ತುತ್ತಾದರೂ ಇದ್ದಿದ್ದರೆ ದೇಹ ತಡೆದುಕೊಳ್ಳುತ್ತಿತ್ತೇನೋ ಎಂದು ಬಾಯಿಮಾತಿನಲ್ಲಿ ಹೇಳಿದರು. ನೆರೆಯ ಮುದುಕಿಯೊಬ್ಬಳು, ಹುಡುಗಿ ಎಂದೂ ಕಷ್ಟ ಹೇಳಿಕೊಂಡವಳಲ್ಲ, ಎಷ್ಟು ನೆಟ್ಟಗೆ ಮಾತಾಡುತ್ತಿದ್ದಳು ಎಂದು ಹೊಗಳಿದಳು.

ಆಸರೆಮನೆಯಲ್ಲಿ ಪ್ರತಿ ಮಂಡನೆಯ ಧ್ವನಿಯನ್ನು ಕಾದಿಡುತ್ತಾರೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾನು ಹೋಗಿ ಕೇಳಿದೆ. ಮನೆಯಲ್ಲಿ ಅವಳು ನುಂಗಿಕೊಂಡಿದ್ದ ಎರಡನೆಯ ಅಂಶ ಅಲ್ಲಿ ಪೂರ್ತಿಯಾಗಿತ್ತು: "ನನಗೆ ತಂದೆಯ ಮನೆಯಿದೆ. ಅಲ್ಲಿ ಕೇಳಿದರೆ ಉತ್ತರ ಸಿಗುತ್ತದೆ. ನನಗೀಗ ಬೇಕಾಗಿರುವುದು ಉತ್ತರವಲ್ಲ." ಇದಕ್ಕೆ ಎದುರುಮಾತು ಹುಡುಕಿದೆ. ಅಭ್ಯಾಸಬಲ.

ನಾಲ್ಕನೆಯ ನಿಯಮವನ್ನು ಹೊಡೆದುಹಾಕಬೇಕೆಂದು ಅದೇ ತಿಂಗಳು ಊರಸಭೆಯಲ್ಲಿ ಮಂಡಿಸಿದೆ. ಎದುರು ಪಕ್ಷಕ್ಕೆ ನಿಂತವನು ಕೊಟ್ರಯ್ಯನೇ. ಅವನು ತನ್ನದೊಂದು ಮಾತನ್ನೂ ಆಡಲಿಲ್ಲ. ೨೧೫೮ರ ನನ್ನ ಭಾಷಣದ ಧ್ವನಿಯನ್ನು ಸಭೆಗೆ ಕೇಳಿಸಿ ಕೂತ. ನನ್ನ ಹಳೆಯ ದನಿ ಎಷ್ಟು ಚೆನ್ನಾಗಿತ್ತೆಂದರೆ, ಸತ್ತ ಮಗಳ ತಂದೆಯಾದ ನಾನು ಕೂತಲ್ಲೇ ಅದರ ವಿರಾಮಗಳಿಗೆ ತಲೆದೂಗುತ್ತಿದ್ದೆ. ಹನ್ನೆರಡರ ವಿರುದ್ಧ ನಲವತ್ತೊಂದು ಮತಗಳಿಂದ ನಿಯಮ ಉಳಿಯಿತು. ಹೊರಗೆ ಕೊಟ್ರಯ್ಯ ನನ್ನ ಕಾಲು ಮುಟ್ಟಿದ. "ನೀವು ಕಲಿಸಿದ್ದನ್ನ ಒಪ್ಪಿಸಿದೆ ಗುರುಗಳ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅದರಿಂದ ಯಾರಿಗೂ ಕೋಣೆ ಸಿಗಲಿಲ್ಲ.

ಸಭೆ ನನ್ನ ಬಗ್ಗೆ ಕರುಣೆಯನ್ನೂ ತೋರಿಸಿತು. ಮಗಳ ನೆನಪಿಗಾಗಿ ಅವಳ ಮಂಡನೆಯನ್ನು ಮಾದರಿ ಮಂಡನೆಯೆಂದು ಘೋಷಿಸಿತು. ಈಗ ಆಸರೆಮನೆಯ ಜಗುಲಿಯಲ್ಲಿ ಸರದಿಗೆ ಕೂತವರ ಮುಂದೆ ಅದನ್ನು ದಿನವಿಡೀ ಕೇಳಿಸುತ್ತಾರೆ. ಹೀಗೆ ಮಾತನಾಡಬೇಕೆಂದು ಅವರು ಬಾಯಿಪಾಠ ಮಾಡುತ್ತಾರೆ. ಚೆನ್ನಾಗಿ ಬಾಯಿಪಾಠ ಮಾಡಿದವರು ಒಳಗೆ ಹೋಗಿ, ನಾಲ್ಕನೆಯ ನಿಯಮಕ್ಕೆ ಸಿಕ್ಕಿ, ಮೆಚ್ಚುಗೆಯ ಪತ್ರದೊಡನೆ ಹೊರಬರುತ್ತಾರೆ. ನಾನು ಕಳೆದ ಎಂಟು ತಿಂಗಳಿಂದ ಆ ಜಗುಲಿಯ ಕೆಳಗೆ, ನೀಲಿ ಪಟ್ಟೆಯ ಕೊನೆಯ ತಿರುವಿನಲ್ಲಿ ಕೂತಿರುತ್ತೇನೆ. ಬರುವವರಿಗೆ ಕೆಟ್ಟದಾಗಿ ಮಾತನಾಡುವುದನ್ನು ಕಲಿಸುತ್ತೇನೆ. ಎಲ್ಲಿ ತಡವರಿಸಬೇಕು, ಯಾವ ಅಂಶವನ್ನು ಅರ್ಧಕ್ಕೆ ಬಿಡಬೇಕು, ಎಷ್ಟು ಹೊತ್ತು ನೆಲ ನೋಡಬೇಕು. ಇದೂ ಒಂದು ವಿದ್ಯೆ. ಇದರಲ್ಲೂ ನಾನು ನಿಪುಣ.

ಮೊನ್ನೆ ಹುಲಿಗೆಮ್ಮ ಎಂಬ ಇಪ್ಪತ್ತರ ಹುಡುಗಿ ಬಂದಳು. ಇಟ್ಟಿಗೆ ಭಟ್ಟಿಯಲ್ಲಿ ದುಡಿದವಳು. ಒಂದು ಗಂಟೆ ಪಾಠ ಹೇಳಿದೆ. ಬೆಳಗಿನ ಒಂಬತ್ತರೊಳಗೆ ಹೊರಬಂದವಳ ಕೈಯಲ್ಲಿ ಕೋಣೆಯ ಬೀಗದ ಕೈಯಿತ್ತು. ನನ್ನ ವಿದ್ಯೆ ಫಲಿಸಿತೆಂದುಕೊಂಡೆ.

"ನೀವು ಹೇಳಿದ್ದು ಒಂದೂ ನೆಪ್ಪಾಗಲಿಲ್ಲ ಅಜ್ಜಾರ," ಎಂದಳು. "ಜಗುಲ್ಯಾಗ ಆ ಅಕ್ಕನ ಮಾತು ಕೇಳಿ ದುಃಖ ಒತ್ತರಿಸಿ ಬಂತು. ಒಳಗ ಹೋಗಿ ಬರೇ ಅತ್ತೆ. ಆಕೀಗೆ ಕೋಣಿ ಸಿಕ್ತೇನ್ರೀ?"

ಸಿಕ್ಕಿತೆಂದೆ. ನಾನು ಪ್ರಜ್ಞಾಪೂರ್ವಕವಾಗಿ ಹೇಳಿದ ಮೊದಲ ಸುಳ್ಳು. ಹುಡುಗಿ ಅದನ್ನು ನಂಬಿ ನಕ್ಕು ಹೋದಳು.

ಇನ್ನು ನಿಮ್ಮ ವಿಷಯ. ನಾಲ್ಕನೆಯ ನಿಯಮವನ್ನು ನಾನು ನಿಂತ ನಿಲುವಿನಲ್ಲಿ ಸೃಷ್ಟಿಸಿದೆನೆಂದೆ. ಅದು ಪೂರ್ತಿ ನಿಜವಲ್ಲ. ಹಾಗೆ ಥಟ್ಟನೆ ನಾಲಿಗೆಗೆ ಬರುವ ಮಾತು ಯಾವಾಗಲೂ ಹಳೆಯದಾಗಿರುತ್ತದೆ. ಅದನ್ನು ನನ್ನ ತಾಯಿಯ ಬಾಯಲ್ಲಿ ಕೇಳಿದ್ದೆ; ಆಕೆ ತನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದಳು; ಆ ಅಜ್ಜಿ ನಿಮ್ಮ ಮನೆಯವಳು. ನೀವು ಅದನ್ನು ನಿಯಮವೆಂದು ಕರೆಯುವುದಿಲ್ಲ. ಕಚೇರಿಯ ಮೇಜಿನ ಹಿಂದೆ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ, ಊಟದ ತಟ್ಟೆಯ ಮುಂದೆ ನೀವು ಅದನ್ನು ದಿನಕ್ಕೊಮ್ಮೆ ಆಡುತ್ತೀರಿ: ಚೆನ್ನಾಗಿಯೇ ಇದ್ದೀಯಲ್ಲ, ನಿನಗೇನಾಗಿದೆ? ತಲೆ ಬಾಚಿಕೊಂಡು, ವಾಕ್ಯಗಳನ್ನು ಜೋಡಿಸಿಕೊಂಡು, ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಮುಂದೆ ನಿಂತಾಗ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅದನ್ನು ನುಂಗಿ, ಕುರ್ಚಿ ಎಳೆದು ಕೊಡಿ. ಕಾರಣಗಳನ್ನು ನಾಳೆ ಕೇಳಬಹುದು. ನಿಮ್ಮಿಂದ ಅಷ್ಟೂ ಆಗದಿದ್ದರೆ, ನಿಮ್ಮ ಮೇಜಿನ ಮುಂದೆ ನಿಂತವರು ನನ್ನ ನೀಲಗಂಗಾಳ ಹಿರಿಯರಾಗಿರಬಹುದು, ಅವಳಿಗಾಗಿಯಾದರೂ ಕರುಣೆ ತೋರಿ ಎಂದು ನಾನು ಬೇಡಿಕೊಳ್ಳುವುದಿಲ್ಲ. ಅವರು ನಿಮ್ಮವರೇ, ಹೀಗೆ ಮೊದಲು ಸಾಯುವವರು ನಿಮ್ಮ ಮನೆಯವರೇ.

ಈ ಪತ್ರ ಹತ್ತೊಂಬತ್ತರ ಆಸುಪಾಸಿನವರ ಕೈಗೆ ಬಿದ್ದಿದ್ದರೆ, ಅವರಿಗೆ ಇಷ್ಟು. ಬಿಸಿಲೇರುವ ಮೊದಲು ಹೊರಡಿ. ಆದರೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನಿಮಗೆ ಮಾತು ಬಾರದಿದ್ದಲ್ಲಿ ಅವರು ಹೇಳಲಿ, ಬಂದರೂ ಅವರು ಪಕ್ಕದಲ್ಲಿರಲಿ. ಏನು ಕೇಳಬೇಕೋ ಅದನ್ನು ಮೊದಲ ವಾಕ್ಯದಲ್ಲೇ ಕೇಳಿ: ಕೋಣೆ, ಊಟ, ವೈದ್ಯರು, ಕೂತು ಕೇಳುವ ಒಬ್ಬರು. ಮೆಚ್ಚುಗೆ ಹೇಳಿ ವಾಪಸು ಕಳಿಸಿದರೆ, ಅದೇ ದಿನ ಇನ್ನೊಂದು ಬಾಗಿಲಿಗೆ ಹೋಗಿ. ಮನೆಗೆ ಹೋಗುವುದಾದರೂ ಹೋಗಿ. ಆದರೆ ನಿಮ್ಮ ತಂದೆ "ಮೊದಲನೆಯದಾಗಿ" ಎಂದು ಆರಂಭಿಸಿದರೆ, ಎರಡನೆಯದಕ್ಕೆ ಕಾಯಬೇಡಿ.

ಪಂಪಾಪತಿ ಕಲ್ಗುಡಿ