ಗೂಟದ ಮೇಲಿನ ಹಸಿರು ಬಸ್ತಾ

ಶಹಾಪುರ
ತಾ. ೧೯-೨-೧೯೫೩, ಗುರುವಾರ

ಪ್ರೀತಿಯ ಅಪ್ಪಾ,

ನಿಮ್ಮ ರೇಣಿಯ ನಮಸ್ಕಾರಗಳು. ಕಣ್ಣಿನ ಪಟ್ಟಿ ಬಿಚ್ಚಿದರೇ? ಎಡಗಣ್ಣಿಗೆ ಕಿಟಕಿಯ ಬೆಳಕು ತಿಳಿಯುತ್ತದೆ ಎಂದು ಬಸವಂತ್ರಾಯ ಕಾಕಾ ಹೋದ ವಾರ ಕಾರ್ಡು ಬರೆದಿದ್ದರು. ಬಲಗಣ್ಣಿನ ಮಾತೇ ಅದರಲ್ಲಿ ಇರಲಿಲ್ಲ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದೆ, ವಿಳಾಸದ ಪಕ್ಕದಲ್ಲಾದರೂ ಬರೆದಿರಬಹುದೇನೋ ಎಂದು. ಸೊಲ್ಲಾಪುರದ ಜೋಳದ ರೊಟ್ಟಿ ನಿಮಗೆ ಹಿಡಿಸುವುದಿಲ್ಲ ಎಂದು ಅವ್ವ ದಿನಕ್ಕೊಮ್ಮೆ ಹೇಳುತ್ತಾಳೆ. ನೀವು ಹೊರಡುವಾಗ ರೊಟ್ಟಿಗೆ ಹಚ್ಚಿಕೊಳ್ಳಲು ಕಟ್ಟಿಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ಬರೆಯಿರಿ, ಯಾದಗಿರಿಗೆ ಹೋಗುವವರ ಕೈಯಲ್ಲಿ ಕಳಿಸಿದರೆ ನಿಮ್ಮ ಅಳಿಯಂದಿರು ರೈಲಿಗೆ ಹಾಕಿಸುತ್ತಾರೆ. ಈ ಪತ್ರವನ್ನು ಕಾಕಾ ಓದಿ ಹೇಳುತ್ತಾರೆಂದು ನನಗೆ ಗೊತ್ತು. ಕಾಕಾ, ದಯವಿಟ್ಟು ನಿಧಾನವಾಗಿ ಓದಿರಿ, ನಡುವೆ ಎಲ್ಲೂ ಬಿಡಬೇಡಿರಿ.

ಇಲ್ಲಿ ಅವ್ವ ಆರಾಮ ಇದ್ದಾಳೆ. ಪುಟ್ಟ ಅಂಬವ್ವನಿಗೆ ಮೊನ್ನೆ ಏಳು ತಿಂಗಳು ತುಂಬಿದವು. ಕೆಳಗೆ ಎರಡು ಹಲ್ಲು ಬರುತ್ತಿವೆ, ಅದಕ್ಕೇ ಮೈ ಬೆಚ್ಚಗಾಗುತ್ತದೆ ಎಂದು ಅವ್ವ ಅನ್ನುತ್ತಾಳೆ. ನನಗೆ ನಂಬಿಕೆ ಸಾಲದು. ಅದು ಅತ್ತರೆ ಯಾಕೆ ಅಳುತ್ತದೆ ಎಂದು ಏಳುತ್ತೇನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಏಳುತ್ತೇನೆ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಹೆರಿಗೆಯಾದಾಗಿನಿಂದ ಒಟ್ಟಿಗೆ ಎರಡು ತಾಸು ಮಲಗಿದ ನೆನಪಿಲ್ಲ ಅಪ್ಪಾ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆದರೆ ಮುಂದೆ ಬರೆಯುವುದು ಹೇಗೆ ಆಯಿತು ಎಂದು ನೀವು ಕೇಳಿಯೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿದೆ. ಈಗ ಮಧ್ಯಾಹ್ನ. ಕೂಸು ನಿಮ್ಮ ಕೋಣೆಯ ತೊಟ್ಟಿಲಲ್ಲಿದೆ. ಅಲ್ಲಿ ತಂಪು ಎಂದು ಅವ್ವ ತೊಟ್ಟಿಲನ್ನು ನಿಮ್ಮ ಕಾಗದದ ಬಸ್ತಾಗಳ ಗೂಟದ ಸಾಲಿನ ಕೆಳಗೇ ಕಟ್ಟಿದ್ದಾಳೆ. ಒಂದು ಕಾಲಿನಿಂದ ಹಗ್ಗ ಎಳೆಯುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕಾಕಾ ಬೈಯಬಾರದು.

ನೀವು ಹೋದ ಮೇಲೂ ಜನ ಬರುತ್ತಲೇ ಇದ್ದಾರೆ. ಕಚೇರಿ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಭಗವಂತರಾಯ ಅರ್ಜಿನವೀಸರು ಇಲ್ಲ ಎಂದು ತಿಳಿದವರು ನೇರ ಮನೆಗೆ ಬರುತ್ತಾರೆ. ಉರ್ದುವಿನಲ್ಲಿ ಬರೆಯುವವರು ಊರಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ, ಆದರೆ ಈಗ ಕನ್ನಡದಲ್ಲಿ ಬರೆದ ಅರ್ಜಿ ಬೇಗ ಮುಂದಕ್ಕೆ ಹೋಗುತ್ತದೆ ಎಂದು ಜನರ ಬಾಯಲ್ಲಿ ಆಗಿಬಿಟ್ಟಿದೆ. ಗುಲಬರ್ಗಾದಲ್ಲಿ ಇಂಟರ್‌ಮೀಡಿಯೆಟ್ ಓದಿದ ಭಗವಂತರಾಯರ ಮಗಳು ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ ಎಂಬುದು ಹೇಗೋ ಹಬ್ಬಿತು. ಮೊದಮೊದಲು ಹೆಂಗಸರು ಬಂದರು, ಆಮೇಲೆ ಅವರ ಗಂಡಂದಿರು ಅಂಗಳದಲ್ಲಿ ನಿಂತರು. ಜನನ ಬರೆಸುವುದು, ಮರಣ ಬರೆಸುವುದು, ಮಾಸ್ತರರ ರಜೆ ಚೀಟಿ. ಬರೆದೆ, ಎಂಟಾಣೆ ತೆಗೆದುಕೊಂಡು ನಿಮ್ಮ ತಗಡಿನ ಡಬ್ಬಿಯಲ್ಲಿ ಹಾಕಿದೆ. ಕಾಲೇಜಿನಲ್ಲಿ ಕಲಿತದ್ದು ಒಂದಕ್ಕಾದರೂ ಬಂತಲ್ಲ ಎಂದು ಒಳಗೊಳಗೆ ಹಿಗ್ಗಿದ್ದೂ ನಿಜ.

ನನಗೆ ಹನ್ನೆರಡು ವರ್ಷ ಇರುವಾಗ, ಆಗ ನಾವಿದ್ದ ಸುರಪುರದ ಕಚೇರಿಯ ಕಟ್ಟೆಯ ಮೇಲೆ ನಿಮ್ಮ ಪಕ್ಕದಲ್ಲಿ ಕೂತು ಮಸಿ ಅರೆಯುತ್ತಿದ್ದೆ, ನೆನಪಿದೆಯೇ? ಕೆಲವರ ಹತ್ತಿರ ರೊಕ್ಕ ತೆಗೆದುಕೊಳ್ಳುತ್ತೀರಿ, ಕೆಲವರ ಹತ್ತಿರ ಯಾಕಿಲ್ಲ ಎಂದು ಕೇಳಿದ್ದೆ. ನೀವು ಕನ್ನಡಕ ಒರೆಸುತ್ತಾ, "ಗಿರಾಕಿ ಕಾಗದ ಒಯ್ತಾನ, ಮುವಕ್ಕಿಲ್ ಕಾಗದ ಇಟ್ಟು ಹೋಗ್ತಾನ, ಅಷ್ಟಾ ಫರಕು" ಎಂದಿರಿ. ವಕೀಲರು ಕಕ್ಷಿದಾರ ಅನ್ನುವವನಿಗೆ ನಿಮ್ಮ ಉರ್ದು ಹೆಸರು ಮುವಕ್ಕಿಲ್. ಗಿರಾಕಿ ಬರುತ್ತಾನೆ, ಬರೆಸುತ್ತಾನೆ, ಎಂಟಾಣೆ ಇಡುತ್ತಾನೆ, ಹೋಗುತ್ತಾನೆ. ಮುವಕ್ಕಿಲ್ ಬಂದರೆ ಅವತ್ತು ನೀವು ಲೇಖಣಿಕೆ ಮುಟ್ಟುತ್ತಲೇ ಇರಲಿಲ್ಲ. ನೀರು ಬೆಲ್ಲ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಹೇಳಿಸಿ, ಅವನ ಕಾಗದಗಳನ್ನು ಅವನ ಮನೆತನದ ಬಣ್ಣದ ಬಟ್ಟೆಯಲ್ಲಿ ಸುತ್ತಿ ಬಸ್ತಾ ಕಟ್ಟಿ ಗೂಟಕ್ಕೆ ಹಾಕಿ, "ನಾಳಿ ಬಾರಪ್ಪಾ, ಒಂದು ರಾತ್ರಿ ನಿನ್ನ ಕಾಗದ ನಮ್ಮ ಮನ್ಯಾಗ ಮಲಗಲಿ" ಅನ್ನುತ್ತಿದ್ದಿರಿ. ಮರುದಿನ ಬರೆದು, ಬರೆದದ್ದನ್ನು ಓದಿ ಹೇಳುತ್ತಿದ್ದಿರಿ. ಓದುವಾಗ ಇಸವಿ ತಾರೀಖು ಹೇಳುತ್ತಿರಲಿಲ್ಲ. ಯಾವ ಸುಗ್ಗಿ, ಯಾವ ಎತ್ತು ಇತ್ತು, ಮನೆಯಲ್ಲಿ ಯಾವ ಕೂಸು ಹೊಟ್ಟೆಯಲ್ಲಿತ್ತು ಎಂದು ಹೇಳುತ್ತಿದ್ದಿರಿ. ಎದುರು ಕೂತವರು ಹೌದ್ರಿ ಅಂದ ಮೇಲೆಯೇ ಹೆಬ್ಬೆಟ್ಟು. ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಮಾರುವವನು ಒಬ್ಬ, ಕೊಳ್ಳುವವನು ಒಬ್ಬ, ಇಬ್ಬರೇ ಇದ್ದರು. ಕಾಗದ ಇಟ್ಟು ಹೋಗುವವನು ಅದರಲ್ಲಿ ಇರಲಿಲ್ಲ. ಹತ್ತಿಕುಣಿಯ ಕುರುಬರ ಅಮೋಘಸಿದ್ದ ಹೋದ ತಿಂಗಳೂ ಬಂದಿದ್ದ, ಕೆಲಸ ಏನೂ ಇರಲಿಲ್ಲ. ತನ್ನ ಕರಿ ಬಸ್ತಾವನ್ನು ಕುರಿಯ ಬೆನ್ನು ಸವರಿದ ಹಾಗೆ ಸವರಿ, "ಇಲ್ಲೇ ಅದ ಅಲ್ಲ, ಸಾಕು ಬಿಡ್ರಿ" ಎಂದು ಮಜ್ಜಿಗೆ ಕುಡಿದು ಹೋದ.

ಇನ್ನು ತಡ ಮಾಡುವುದಿಲ್ಲ. ಗೋಗಿಯ ಹುಸೇನಬೀಯ ವಿಷಯ.

ಡಿಸೆಂಬರ್ ಕೊನೆಯ ವಾರ ಅವಳು ಹಿತ್ತಲ ಬಾಗಿಲಿನಿಂದ ಬಂದಳು. ಸಂತೆಗೆ ತತ್ತಿ ತಂದವಳು ಎಂದುಕೊಂಡೆ, ಬುಟ್ಟಿಯಲ್ಲಿ ತತ್ತಿಯೇ ಇದ್ದವು. ನಾನು ಐದು ವರ್ಷ ಗುಲಬರ್ಗಾದಲ್ಲಿ, ಆಮೇಲೆ ಯಾದಗಿರಿಯಲ್ಲಿ ಇದ್ದವಳು, ಅವಳ ಮುಖ ನನಗೆ ಗುರುತು ಸಿಗಲಿಲ್ಲ. ಹೊಸ್ತಿಲಲ್ಲಿ ಕೂತು, "ನಿಮ್ಮಪ್ಪ ಇದ್ದಾಗೂ ಇದಾ ಹೊಸ್ತಿಲಾ ಬೇಟೀ, ಈಗೂ ಇದಾ" ಎಂದಳು. ಎಲ್ಲರೂ ಹಾಗೆಯೇ ಅನ್ನುತ್ತಾರೆ ಎಂದು ನಾನು ಮುಂದೆ ಕೇಳಲಿಲ್ಲ. ಅವಳ ಗಂಡ ದಸ್ತಗೀರಸಾಬ ಧಣಿಯ ಹೊಲ ಗೇಣಿಗೆ ಉಳುತ್ತಿದ್ದ. ನಲವತ್ತೆಂಟರ ಗಲಾಟೆಯಲ್ಲಿ ಮನೆ ಬಿಟ್ಟು ಹೋದವನು ಹಿಂದಿರುಗಲಿಲ್ಲ. ನಿಂತ ಬೆಳೆಯನ್ನು ಇವಳೇ ರಾಶಿ ಮಾಡಿದಳು, ಆಮೇಲೆ ಹೊಲ ಬಿಡಿಸಿದರು. ಆರು ವರ್ಷ ಬಿಡದೆ ಉತ್ತವರಿಗೆ ಹೊಲದ ಮೇಲೆ ಹಕ್ಕು ಎಂದು ಯಾರೋ ಹೇಳಿದ್ದಾರೆ, ಅರ್ಜಿ ಬೇಕು. ಮೊದಲ ಬಿತ್ತಿಗೆ ಯಾವಾಗ ಎಂದು ಕೇಳಿದೆ. ಫಸಲಿ ಸಾವಿರದ ಮುನ್ನೂರಾ ಐವತ್ತೆರಡು, ಆಜೂರ್ ತಿಂಗಳು, ಹಿಂಗಾರಿ ಜೋಳ ಎಂದಳು. ಗಂಡ ಹೇಳಿಕೊಟ್ಟಿದ್ದನ್ನು ಹಾಗೆಯೇ ಬಾಯಿಪಾಠ ಇಟ್ಟಿದ್ದಳು.

ಕೂಸು ಅಳುತ್ತಿತ್ತು. ಗೋಗಿಯ ಬಂಡಿ ಹೊರಡುವ ಹೊತ್ತಾಗಿದೆ ಎಂದು ಅವಳು ಎರಡು ಸಲ ಬಾಗಿಲ ಕಡೆ ನೋಡಿದಳು. ಕಚೇರಿಯಲ್ಲಿ ಈಗ ಇಂಗ್ಲಿಷ್ ಇಸವಿ ಬೇಕು, ಹಳೆಯ ಸರಕಾರದ ಫಸಲಿ ಲೆಕ್ಕ ನಡೆಯುವುದಿಲ್ಲ. ನಾನು ಮನಸ್ಸಿನಲ್ಲೇ ಐನೂರಾ ತೊಂಬತ್ತೊಂದು ಕೂಡಿಸಿದೆ, ಸಾವಿರದ ಒಂಬೈನೂರಾ ನಲವತ್ಮೂರು ಎಂದು ಬರೆದೆ. ಅರ್ಧ ತಾಸಿನಲ್ಲಿ ಅರ್ಜಿ ಮುಗಿಯಿತು. ಓದಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತಿಸಿ ಕೈಗೆ ಕೊಟ್ಟೆ. ರೊಕ್ಕ ಕೊಡದೆ ಎದ್ದಳು, ಮರೆತಿರಬೇಕು, ಬಡವಿ, ಹೋಗಲಿ ಎಂದುಕೊಂಡೆ. ಅಷ್ಟು ದೊಡ್ಡ ಮನಸ್ಸು ನನ್ನದು ಎಂದು ಸಂತೋಷವೂ ಆಯಿತು ಅಪ್ಪಾ.

ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ. ಆಜೂರ್, ದೈ, ಬಹಮನ್, ಈ ಮೂರು ತಿಂಗಳಿಗೆ ಐನೂರಾ ತೊಂಬತ್ತು, ಉಳಿದ ಒಂಬತ್ತಕ್ಕೆ ಐನೂರಾ ತೊಂಬತ್ತೊಂದು ಕೂಡಿಸಬೇಕು ಎಂದು ನನ್ನ ಬೆರಳಿನ ಗೆಣ್ಣು ಹಿಡಿದು ಕಲಿಸಿದವರು ನೀವು. ಫಸಲಿ ವರ್ಷ ಹಿಡಿಯುವುದೇ ಅಕ್ಟೋಬರಿನಲ್ಲಿ, ಆಗ ಇಂಗ್ಲಿಷ್ ಇಸವಿ ಇನ್ನೂ ಹಳೆಯದೇ ಇರುತ್ತದೆ ಎಂದು ಅರ್ಥ ಮಾಡಿಸಿದ್ದಿರಿ. ಅದು ನಲವತ್ತೆರಡು. ನನ್ನ ಕೈಯಲ್ಲಿ ನಲವತ್ಮೂರು ಆಯಿತು. ಹುಸೇನಬೀಯ ಆರು ವರ್ಷದ ದುಡಿಮೆ ನನ್ನ ಒಂದು ಅಂಕಿಯಿಂದ ಐದೂ ಚಿಲ್ಲರೆ ಆಯಿತು. ಧಣಿಯ ಕಡೆಯವರು ಅದನ್ನೇ ಹಿಡಿದರು. ಅರ್ಜಿದಾರಳೇ ತನ್ನ ಹೆಬ್ಬೆಟ್ಟಿನ ಮೇಲೆ ಆರು ವರ್ಷ ಆಗಿಲ್ಲ ಎಂದು ಬರೆಸಿಕೊಟ್ಟಿದ್ದಾಳಲ್ಲ ಎಂದರಂತೆ. ಈ ತಿಂಗಳ ಹತ್ತಕ್ಕೆ ಅರ್ಜಿ ವಜಾ ಆಯಿತು.

ಮೊನ್ನೆ ಮಂಗಳವಾರ ಅವಳು ಆದೇಶದ ಕಾಗದ ಹಿಡಿದು ಬಂದಳು, ಏನು ಬರೆದಿದೆ ಓದಿ ಹೇಳು ಎಂದು. ಜೊತೆಗೆ ಮಗಳು ಶರೀಫಾಬೀ ಇತ್ತು. ಪುಟ್ಟ ಅಂಬವ್ವನಿಗೆ ಎಂದು ಹುಸೇನಬೀ ತಲೆಗೆ ಕಟ್ಟುವ ಕುಂಚಿಗೆ ಹೊಲಿದು ತಂದಿದ್ದಳು, ಅಂಚಿಗೆ ಕೆಂಪು ದಾರ ಹಾಕಿ. ನಾನು ಓದುತ್ತಾ ಹೋದೆ, ಇಸವಿಯ ಸಾಲನ್ನು ಎರಡು ಸಲ ಓದಿದೆ. ಹುಡುಗಿಗೆ ಎಷ್ಟು ವಯಸ್ಸು ಎಂದು ಕೇಳಿದೆ. "ಮೊದಲ ಬಿತ್ತಿಗಿ ಮಾಡುಮುಂದ ಇಕಿ ಹೊಟ್ಯಾಗ ಇದ್ಲು. ಹತ್ತು ತುಂಬ್ಯಾವ ಈಗ" ಎಂದಳು. ಆಮೇಲೆ, ನಾನು ಯಾಕೆ ಕೇಳುತ್ತಿದ್ದೇನೆ ಎಂದು ತಿಳಿಯದೆ, ತೊಟ್ಟಿಲಿನ ಮೇಲಿನ ಗೂಟಗಳ ಕಡೆ ಕಣ್ಣು ಹಾಯಿಸಿ, "ಎಲ್ಲಾ ಅದರಾಗ ಅದ ಅಲ್ಲ ಬೇಟೀ, ನಿಮ್ಮಪ್ಪ ಸಾಹೇಬರು ಬರದಿಟ್ಟಾರ" ಎಂದಳು. ಅಲ್ಲಿ ಮೂರನೆಯ ಗೂಟಕ್ಕೆ ಹಸಿರು ಬಸ್ತಾ ಇತ್ತು. ಇಳಿಸಿ ಬಿಚ್ಚಿದೆ. ಧಣಿ ಬರೆದುಕೊಟ್ಟ ಗೇಣಿ ಕೌಲು, ಅದರ ಮೇಲೆ ಆಜೂರ್ ೧೩೫೨, ಅಂಚಿನಲ್ಲಿ ಪೆನ್ಸಿಲಿನಿಂದ ನಿಮ್ಮ ಅಕ್ಷರದಲ್ಲಿ ೧೯೪೨. ಅವಳು ಗಿರಾಕಿ ಆಗಿರಲಿಲ್ಲ ಅಪ್ಪಾ. ರೊಕ್ಕ ಕೊಡುವುದನ್ನು ಮರೆತೂ ಇರಲಿಲ್ಲ. ತನ್ನ ಕಾಗದ ನಮ್ಮ ಮನೆಯಲ್ಲಿದೆ, ನಾನು ನೋಡಿಯೇ ಬರೆದಿರುತ್ತೇನೆ ಎಂದು ನಂಬಿ ಒಂದು ಮಾತೂ ಹೆಚ್ಚು ಹೇಳದೆ ಹೋಗಿದ್ದಳು. ಅರ್ಜಿ ಬರೆದ ದಿನ ನಾನು ಅದೇ ಗೂಟದ ಕೆಳಗೆ ಕೂತು ತೊಟ್ಟಿಲು ತೂಗುತ್ತಿದ್ದೆ. ಎದ್ದು ಕೈ ಚಾಚಿದ್ದರೆ ಸಿಗುತ್ತಿತ್ತು.

ತಪ್ಪು ನನ್ನದು ಎಂದು ಅವಳಿಗೆ ಹೇಳಿದೆ. ಕೊನೆಯವರೆಗೆ ಕೇಳಿದಳು. ಹುಡುಗಿಯನ್ನು ಎಬ್ಬಿಸಿಕೊಂಡು ಹೋದಳು.

ಗುಲಬರ್ಗಾಕ್ಕೆ ಅಪೀಲು ಹೋಗಬಹುದು, ಆದೇಶದಿಂದ ಮೂವತ್ತು ದಿನ. ಇನ್ನು ಇಪ್ಪತ್ತೊಂದು ದಿನ ಇವೆ. ಇಸವಿ ತಪ್ಪಿದ್ದು ಅರ್ಜಿದಾರಳಿಂದ ಅಲ್ಲ, ಬರೆದವಳಿಂದ ಎಂದು ನಾನು ನನ್ನ ಹೆಸರು, ನಿಮ್ಮ ಹೆಸರು ಹಾಕಿ ಹೇಳಿಕೆ ಬರೆದುಕೊಟ್ಟರೆ ಕೌಲಿಗೆ ಬಲ ಬರುತ್ತದೆ ಎಂದು ನನಗೆ ತೋರುತ್ತದೆ. ಅವ್ವ ಒಪ್ಪುವುದಿಲ್ಲ. ಮೂವತ್ತು ವರ್ಷ ನಿಮ್ಮ ಅಕ್ಷರದ ಮೇಲೆ ಯಾರೂ ಬೆರಳಿಟ್ಟಿಲ್ಲ, ಈಗ ನೀವು ಕಣ್ಣು ಕಟ್ಟಿಸಿಕೊಂಡು ಮಲಗಿರುವಾಗ ಮಗಳೇ ಹೀಗೆ ಮಾಡಬೇಕೇ ಎನ್ನುತ್ತಾಳೆ. "ಮನ್ಯಾಗಿನ ತಪ್ಪು ಕಚೇರಿ ಗ್ವಾಡಿಗಿ ಯಾಕ ಅಂಟಸ್ತಿ?" ಎಂದು ನಿನ್ನೆಯಿಂದ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಅವಳ ಮಾತು ಸುಳ್ಳಲ್ಲ. ಬೇವಿನ ಗಿಡದ ಕೆಳಗೆ ನೀವು ಮತ್ತೆ ಹೋಗಿ ಕೂತಾಗ ಜನ ಏನು ಅನ್ನುತ್ತಾರೋ ಎಂದು ನನಗೂ ಅಂಜಿಕೆ ಇದೆ. ಆದರೂ ಹೇಳಿಕೆ ಕೊಡಲು ನಿಮ್ಮ ಅಪ್ಪಣೆ ಕೇಳುತ್ತಿದ್ದೇನೆ.

ಕೂಸು ಮಿಸುಕಾಡುತ್ತಿದೆ. ನೀವು ಕಣ್ಣಿನ ಚಿಂತೆ ಬಿಟ್ಟು ಬೇರೆ ಚಿಂತೆ ಹಚ್ಚಿಕೊಳ್ಳಬಾರದು ಎಂದು ಹೇಳುವ ಮುಖ ನನಗಿಲ್ಲ. ಔಷಧದ ಹನಿ ಬಿಡುವಾಗ ಅಲುಗಾಡಬೇಡಿರಿ. ಕಾಕಾನಿಗೆ ನಮಸ್ಕಾರ, ಅಲ್ಲಿಯ ಚಿಕ್ಕವ್ವನಿಗೂ ನಮಸ್ಕಾರ. ಪುಟ್ಟ ಅಂಬವ್ವ ತನ್ನ ಎರಡು ಹಲ್ಲು ತೋರಿಸಲು ಅಜ್ಜನ ದಾರಿ ಕಾಯುತ್ತಿದ್ದಾಳೆ. ಅವಳ ಮುಖ ನಿಮಗೆ ಎರಡೂ ಕಣ್ಣಿನಿಂದ ಕಾಣುವಂತಾಗಲಿ.

ನಿಮ್ಮ ಮಗಳು
ರೇಣಿ

ತಾ.ಕ.: ಅಪ್ಪಣೆ ಕೇಳಿದ್ದು ಸುಳ್ಳು ಅಪ್ಪಾ, ಕ್ಷಮಿಸಿರಿ. ಹೇಳಿಕೆಯನ್ನು ಮಂಗಳವಾರವೇ, ಅವರು ಹೊರಡುವ ಮೊದಲೇ, ಬರೆದು ರುಜು ಮಾಡಿ ಹುಸೇನಬೀಯ ಕೈಗೆ ಕೊಟ್ಟೆ. ಅದೊಂದನ್ನು ಓದಿ ಹೇಳಿದೆ, ಇಸವಿಯಿಂದ ಅಲ್ಲ, ಶರೀಫಾಬೀ ಹೊಟ್ಟೆಯಲ್ಲಿದ್ದ ಬಿತ್ತಿಗೆಯಿಂದ. ಹೌದು ಎಂದಳು. ಅಪೀಲು ನಾನೇ ಬರೆಯುತ್ತೇನೆ, ಒಂದು ರಾತ್ರಿ ಕಾಗದ ಇಲ್ಲಿಯೇ ಇರಲಿ ಎಂದೆ. ಅವಳು ಬಸ್ತಾ ಕಡೆ ಕೈ ನೀಡಿದಳು. "ನಮ್ಮ ಕಾಗದ ಕೊಟ್ಟಬಿಡ್ರಿ" ಎಂದಳು. ಬೇಟೀ ಅನ್ನಲಿಲ್ಲ. ಕೊಟ್ಟೆ. ಹೊಸ್ತಿಲ ಹತ್ತಿರ ನಿಂತು ಸೆರಗಿನ ಗಂಟು ಬಿಚ್ಚಿ, "ಬರದದ್ದಕ್ಕ ಎಷ್ಟಾತ್ರಿ ಬಾಯಾರ?" ಎಂದು ಕೇಳಿದಳು. ಎಂಟಾಣೆ ಇಟ್ಟು ಹೋದಳು. ಬಸ್ತಾ ತಿರುಗಿ ತರಿಸಿರಿ ಎಂದು ನಾನು ಕೇಳುತ್ತಿಲ್ಲ. ಅಪೀಲನ್ನು ಯಾರಿಂದ ಬರೆಸುತ್ತಾಳೋ ಬರೆಸಲಿ, ಇಪ್ಪತ್ತೊಂದು ದಿನದೊಳಗೆ ಬರೆಸಲಿ, ಅಷ್ಟೇ. ನೀವು ಗೋಗಿಗೆ ಎರಡು ಸಾಲು ಬರೆಯಿರಿ, ಕಾಕಾನ ಕೈಯಿಂದ ಬೇಡ, ಸೊಟ್ಟಗಾದರೂ ನಿಮ್ಮ ಕೈಯಿಂದಲೇ. ಓದಲು ಬರದಿದ್ದರೂ ನಿಮ್ಮ ಅಕ್ಷರ ಅವಳಿಗೆ ಗುರುತು ಇದೆ. ಮೂರನೆಯ ಗೂಟ ಖಾಲಿ ಇದೆ. ಆ ಎಂಟಾಣೆ ಇನ್ನೂ ಹೊಸ್ತಿಲ ಮೇಲೆಯೇ ಇದೆ, ಅವ್ವ ಕಸ ಗುಡಿಸುವಾಗ ಅದನ್ನು ಬಿಟ್ಟು ಸುತ್ತಲೂ ಗುಡಿಸುತ್ತಾಳೆ. ಡಬ್ಬಿಗೆ ಹಾಕಲು ನನಗೆ ಕೈ ಬರುತ್ತಿಲ್ಲ.