ಮಣ್ಣೂರಿನ ಅಂಬಿಗನ ಎದೆಯೂ ನಿಮ್ಮ ಪತ್ರಿಕೆಯ ಅಳತೆಯೂ

ಗಂಡಸಿನ ಎದೆ ಎಷ್ಟು ಇಂಚು ಇರಬೇಕೆಂದು ತಿಂಗಳಿಗೊಮ್ಮೆ ಅಪ್ಪಣೆ ಹೊರಡಿಸುವ ವ್ಯಾಯಾಮ ಮಾಸಪತ್ರಿಕೆಯ ಸಂಪಾದಕ ಮಹಾಶಯರೇ,

ನಿಮ್ಮ ಪತ್ರಿಕೆ ಓದಿದ ತಪ್ಪಿಗೆ ನಮ್ಮ ಕಡೆಯ ಒಬ್ಬ ಅಂಬಿಗ ಕಳೆದ ಶ್ರಾವಣದಲ್ಲಿ ಭೀಮಾ ನದಿಯ ಪಾಲಾಗುವುದರಲ್ಲಿದ್ದ. ಈಜು ಬಾರದೆ ಅಲ್ಲ. ಈ ದಂಡೆಯಲ್ಲಿ ಅವನಷ್ಟು ಈಜುವವರು ಇನ್ನೊಬ್ಬರಿಲ್ಲ. ಇದನ್ನು ಲಕೋಟೆಯಲ್ಲಿಟ್ಟು ನಿಮಗಷ್ಟೇ ಬರೆಯಬಹುದಿತ್ತು. ಆದರೆ ನೀವು ನಮ್ಮೆಲ್ಲರ ಮೈಯನ್ನು ನಾಲ್ಕು ಜನರ ಎದುರೇ ಅಳೆದಿದ್ದೀರಿ. ನನ್ನ ದೂರೂ ನಾಲ್ಕು ಜನರ ಎದುರೇ ಇರಲಿ.

ನಾನು ಅಫಜಲಪುರದ ದರ್ಜಿ, ಚಂದ್ರಾಮಪ್ಪ. ಇಪ್ಪತ್ತೆರಡು ವರ್ಷಗಳಿಂದ ಗೌಡರು, ಮಾಸ್ತರರು, ಠಾಣೆಯ ಜವಾನರು ಎಲ್ಲರ ಎದೆಗೂ ಟೇಪು ಸುತ್ತಿದ್ದೇನೆ. ಒಬ್ಬನ ಎರಡು ಭುಜ ಸರಿಸಮ ಇದ್ದದ್ದನ್ನು ಈವರೆಗೆ ಕಂಡಿಲ್ಲ. ಅದಕ್ಕಾಗಿ ಯಾರೂ ಕಣ್ಣೀರು ಹಾಕಿದ್ದನ್ನೂ ಕಂಡಿರಲಿಲ್ಲ. ಅಂಗಿ ಯಾವಾಗ ಕೊಡ್ತಿ ಎಂಬುದೊಂದೇ ಅವರ ಚಿಂತೆಯಾಗಿತ್ತು.

ಹೋದ ವರ್ಷ ನಮ್ಮ ವಾಚನಾಲಯ ನೋಡಿಕೊಳ್ಳುವ ಜಹೀರುದ್ದೀನ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ಪತ್ರಿಕೆ ತರಿಸಿದರು. ಮೊದಲ ಪುಟದಲ್ಲಿ ಎಣ್ಣೆ ಹಚ್ಚಿಕೊಂಡು ಮುಷ್ಟಿ ಬಿಗಿದ ಮಹಾಪುರುಷನ ಫೋಟೋ. ಕೆಳಗೆ ಅಳತೆ: ಎದೆ ನಲವತ್ನಾಲ್ಕು, ನಡು ಇಪ್ಪತ್ತೊಂಬತ್ತು. ಅದರ ಕೆಳಗೆ ನಿಮ್ಮ ಆಶೀರ್ವಾದ: ‘ಇದಕ್ಕೆ ಕಡಿಮೆ ಇರುವವನು ಪುರುಷನ ವೇಷದಲ್ಲಿರುವ ನೆರಳು.’ ಎಂಥ ಮಧುರ ವಾಕ್ಯ! ಎರಡೇ ತಿಂಗಳಲ್ಲಿ ಅರ್ಧ ಊರು ಉಸಿರು ಬಿಗಿಹಿಡಿದು ನಡೆಯತೊಡಗಿತು. ನಮ್ಮ ಮಾಸ್ತರರು ಎದೆ ಉಬ್ಬಿಸಿಕೊಂಡೇ ಪಾಠ ಹೇಳುವುದರಿಂದ ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳುವುದಿಲ್ಲವಂತೆ. ನನಗಂತೂ ನಗುವೋ ನಗು, ದೇವೀಂದ್ರಪ್ಪ ಅಂಗಡಿಯ ಮೆಟ್ಟಿಲು ಹತ್ತುವವರೆಗೆ.

ದೇವೀಂದ್ರಪ್ಪ ಮಣ್ಣೂರಿನ ಅಂಬಿಗ. ನಿಜಾಮರ ಸೀಮೆಯಾದ ನಮ್ಮ ಮೊಗಲಾಯಿ ದಂಡೆಯಿಂದ ಆಚೆ ಇಂಗ್ರೇಜಿಯವರ ದಂಡೆಗೆ ಹರಿಗೋಲು ಹಾಕುವವನು. ಮೈಯಲ್ಲಿ ಮಾಂಸಕ್ಕಿಂತ ನರವೇ ಹೆಚ್ಚು. ಮಳೆಗಾಲದಲ್ಲಿ ಲಂಗೋಟಿ ಬಿಗಿದು ನದಿಗೆ ಬಿದ್ದನೆಂದರೆ ದಂಡೆಯ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ಅಂಥವನು ನಿಮ್ಮ ಪುಟವನ್ನು ಮಡಿಚಿ ತಂದು ನನ್ನ ಮುಂದೆ ಹಿಡಿದ.

“ಚಂದ್ರಾಮಣ್ಣ, ನಂದು ಎಷ್ಟದ ನೋಡ್ರಿ.”

“ಮೂವತ್ತೆರಡು.”

“ಉಸರ ಹಿಡದೇನಿ, ಮತ್ತ ನೋಡ್ರಿ.”

“ಮೂವತ್ತಮೂರೂವರಿ.”

ಅವನು ಪುಟವನ್ನು ಮತ್ತೆ ಮಡಿಚಿಕೊಂಡ. ಆಮೇಲೆ, “ಅಂದ್ರ ಇಷ್ಟ ವರ್ಷ ಮಂದಿ ನನ್ನ ನೋಡಿ ನಗ್ತಿದ್ರೇನ್ರಿ?” ಅಂದ.

ಅವತ್ತು ನಾನು ಅವನನ್ನು ಬೈದು ಕಳಿಸಬೇಕಿತ್ತು. ಕಳಿಸಲಿಲ್ಲ. ಅವನು ಕೇಳಿದಂತೆ ದಪ್ಪ ಬಟ್ಟೆಯ ಕೋಟು ಹೊಲಿದೆ. ಎದೆಗೂ ಭುಜಕ್ಕೂ ಎರಡೆರಡು ಪದರ ಹತ್ತಿ ಕೂಡಿಸಿದೆ. ಕೆಲಸ ಚೆನ್ನಾಗಿ ಬಂದಿತ್ತೆಂದು ಹೆಮ್ಮೆಯೂ ಪಟ್ಟೆ. ಅವನ ಹೆಂಡತಿ ಚಂದಮ್ಮ ಅಂಗಡಿಗೇ ಬಂದು, “ಅಣ್ಣಾರ, ನಾ ಹತ್ತಿ ನೋಡಿ ಲಗ್ನಾ ಆಗಿಲ್ರಿ. ಈಗ ಇವರು ಮನ್ಯಾಗ ಸೈತ ಕೋಟ ಬಿಚ್ಚವಲ್ರು,” ಅಂದಳು. ನಾನು ನಕ್ಕು ಸಾಗಹಾಕಿದೆ.

ಶ್ರಾವಣದಲ್ಲಿ ಹೊಳೆ ತುಂಬಿತ್ತು. ದೇವೀಂದ್ರಪ್ಪ ದಂಡೆಗೆ ಹರಿಗೋಲು ಹಚ್ಚುತ್ತಿರುವಾಗ ಮಾಳಮ್ಮನೆಂಬ ಮುದುಕಿ ಅವಸರದಲ್ಲಿ ಎದ್ದು ನಿಂತು, ಆಯತಪ್ಪಿ ನೀರಿಗೆ ಬಿದ್ದಳು. ಅವನು ಕೋಟಿನ ಸಮೇತ ಹಾರಿದ. ಮುದುಕಿಯ ಸೆರಗು ಹಿಡಿದು ದಂಡೆಯ ಜನರ ಕೈಗೆ ಮುಟ್ಟಿಸಿದ. ಅಷ್ಟರಲ್ಲಿ ನನ್ನ ಹತ್ತಿ ನೀರು ಕುಡಿದಿತ್ತು. ಕಲ್ಲು ಕಟ್ಟಿದಂತೆ ಅವನನ್ನು ಕೆಳಕ್ಕೆಳೆಯತೊಡಗಿತು. ಚಂದಮ್ಮ ದಂಡೆಯ ಮೇಲಿಂದ ಕೂಗಿದಳು: “ಕೋಟ ಬಿಚ್ರಿ! ಕೋಟ ಬಿಚ್ರಿ!” ಅವನು ಒಮ್ಮೆ ಮೇಲೆ ಬಂದ, ಎರಡನೇ ಸಲ ಬಂದ. ಬಿಚ್ಚಲಿಲ್ಲ. ಕೊನೆಗೆ ಅವಳೇ ಕುತ್ತಿಗೆಮಟ ನೀರಿಗಿಳಿದು ಹರಿಗೋಲಿನ ಗಳ ಚಾಚಿದಳು. ಅವನು ಹಿಡಿದ. ನಾಲ್ಕು ಜನ ಸೇರಿ ಇಬ್ಬರನ್ನೂ ಎಳೆದರು.

ಹದಿನೈದು ದಿನ ಅವನು ಜ್ವರದಲ್ಲಿ ಮಲಗಿದ. ನೋಡಲು ಹೋದ ನಾನು ಕೇಳಿದೆ, “ಗುಂಡಿ ಸಿಗಲಿಲ್ಲೇನೋ?”

ಅವನು ಗೋಡೆಯ ಕಡೆ ತಿರುಗಿಕೊಂಡು ಹೇಳಿದ: “ಸಿಕ್ಕಿದ್ವು ಅಣ್ಣಾ. ಆದ್ರ ದಂಡಿ ಮ್ಯಾಲ ಮಂದಿ ಇತ್ತು.”

ಸಂಪಾದಕರೇ, ಈ ಮಾತನ್ನು ಇನ್ನೊಮ್ಮೆ ಓದಿ. ಜೀವಕ್ಕಿಂತ ಮೈಯ ನಾಚಿಕೆ ದೊಡ್ಡದೆಂದು ಆ ಮನುಷ್ಯನಿಗೆ ಕಲಿಸಿದವರು ಯಾರು? ಹೊಳೆಯಂತೂ ಅಲ್ಲ.

ಮರುದಿನ ನಾನು ವಾಚನಾಲಯಕ್ಕೆ ಹೋಗಿ ಕನ್ನಡಕ ಒರೆಸಿಕೊಂಡು ನಿಮ್ಮ ಮಹಾಪುರುಷನನ್ನು ನೋಡಿದೆ. ಅವನ ಹಿಂದೊಂದು ಪಟ್ಟೆಪಟ್ಟೆ ಪರದೆ. ಪಟ್ಟೆಗೆ ಪಟ್ಟೆ ಕೂಡಿಸುವುದೇ ನನ್ನ ಹೊಟ್ಟೆಪಾಡು. ನನ್ನ ಕಣ್ಣು ಅಲ್ಲಿ ತಪ್ಪುವುದಿಲ್ಲ. ಅವನ ನಡುವಿನ ಎರಡೂ ಬದಿಗೆ ಪಟ್ಟೆಗಳು ಕಡಿದುಹೋಗಿವೆ. ಅಲ್ಲಿ ಯಾರೋ ಕುಂಚದಿಂದ ಕಪ್ಪು ಬಳಿದು ಹೊಟ್ಟೆಯನ್ನು ಮುಚ್ಚಿದ್ದಾರೆ. ಜಹೀರುದ್ದೀನ ಸಾಹೇಬರಿಗೂ ತೋರಿಸಿದೆ. ಅವರು ಗಡ್ಡ ನೀವಿಕೊಂಡು, “ಅರೇ, ಈ ಪೈಲ್ವಾನರಿಗೂ ಹೊಟ್ಟಿ ಅದಲ್ರಿ!” ಅಂದರು. ನಾನು ಹತ್ತಿ ತುಂಬಿ ಎದೆ ಬೆಳೆಸಿದೆ, ನೀವು ಮಸಿ ಬಳಿದು ನಡು ಕರಗಿಸಿದಿರಿ. ನಮ್ಮಿಬ್ಬರ ಕಸುಬು ಒಂದೇ ಆಯಿತಲ್ಲ!

ದೇವೀಂದ್ರಪ್ಪ ಈಗ ಗುಣವಾಗಿದ್ದಾನೆ. ಕೋಟಿನ ಹೊಲಿಗೆ ಬಿಚ್ಚಿ ಚಂದಮ್ಮ ಹತ್ತಿಯನ್ನು ದಿಂಬಿಗೆ ತುಂಬಿದ್ದಾಳೆ. ಅವನು ಮತ್ತೆ ಬರಿಮೈಯಲ್ಲಿ ನೀರಿಗೆ ಬೀಳುತ್ತಾನೆ, ಮೊದಲಿನ ಹಾಗೆಯೇ ಈಜುತ್ತಾನೆ. ಆದರೆ ದಂಡೆ ಹತ್ತುವಾಗ ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಹತ್ತುತ್ತಾನೆ. ಆ ಕೈಗಳನ್ನು ಬಿಡಿಸಲು ನನ್ನಿಂದ ಆಗಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಬರುವ ಸಂಚಿಕೆಯ ಮೊದಲ ಪುಟದಲ್ಲಿ ಅದೇ ಫೋಟೋವನ್ನು ಮಸಿಯಿಲ್ಲದೆ, ಇದ್ದ ಹೊಟ್ಟೆಯ ಸಮೇತ ಅಚ್ಚು ಹಾಕಿರಿ. ನೆರಳಿನ ಮಾತನ್ನು ಹಿಂತೆಗೆದುಕೊಂಡು ಕೆಳಗೆ ನಿಮ್ಮ ಸಹಿ ಮಾಡಿರಿ. ಆ ಪುಟವನ್ನು ನಾನೇ ಮಣ್ಣೂರಿಗೆ ಒಯ್ದು ಅವನ ಕೈಗೆ ಕೊಡುತ್ತೇನೆ. ಹಿಡಿಯಲಿಕ್ಕಾದರೂ ಅವನು ಕೈ ಬಿಚ್ಚಲೇಬೇಕಲ್ಲ.

ಇಂತಿ,
ನಿಮ್ಮ ತಪ್ಪಿನಲ್ಲಿ ಅರ್ಧ ಪಾಲು ಹೊತ್ತು ತಲೆತಗ್ಗಿಸಿರುವ
ಚಂದ್ರಾಮಪ್ಪ ದರ್ಜಿ, ಅಫಜಲಪುರ