ಅತ್ತೆ ಮಾಡಿದ ಕೋಳಿ ಶಾಕುತಿ

೧೬ ನವೆಂಬರ್ ೨೦೨೫, ಭಾನುವಾರ. ಕೊರ್ಲಿಮ್, ಗೋವಾ.

ಇಷ್ಟು ತಿಂಗಳು ಅತ್ತೆಯನ್ನು ಒಲೆಯ ಹತ್ತಿರ ಬಿಡದೆ ತಪ್ಪು ಮಾಡಿದೆ. ಮಧ್ಯಾಹ್ನದಿಂದ ಅದೇ ಕೊರೆಯುತ್ತಿದೆ. ಕಣ್ಣು ಪೂರ್ತಿ ಹೋದ ಮೇಲೆ ಎಲ್ಲಿ ಸುಟ್ಟುಕೊಂಡಾರೋ ಎಂಬ ಹೆದರಿಕೆ ನನಗೆ. ಕಲಂಗುಟ್‌ನ ಹೋಟೆಲಿನಲ್ಲಿ ಹದಿನೆಂಟು ವರ್ಷ ಕೋಳಿ ಶಾಕುತಿ ಸಾರು ಮಾಡಿದ ಕೈಗೆ ನಾನು ಕೊಟ್ಟಿದ್ದು ಬೆಳ್ಳುಳ್ಳಿ ಸುಲಿಯುವ ಕೆಲಸ.

ಇಂದು ಶಾಕುತಿಯ ಮಸಾಲೆಗೆ ಕಾಯಿತುರಿ ಹುರಿಯುತ್ತಿದ್ದೆ. ಅತ್ತೆ ಹೊರಗಿನ ಕಟ್ಟೆಯಿಂದಲೇ ಅಂದರು: "ಮಂಗಲಾ, ಉರಿ ಸಣ್ಣ ಮಾಡವ್ವಾ. ಕಾಯಿ ಕಹಿ ಆಗಾಕತ್ತೈತಿ."

ಕೆದಕಿ ನೋಡಿದರೆ ತಳದ ತುರಿ ಆಗಲೇ ಕಪ್ಪಾಗಿತ್ತು. ಅವರು ಗೋಡೆ ಹಿಡಿದು ಒಳಗೆ ಬಂದರು.

"ಅದನ್ನ ಚೆಲ್ಲು. ಬ್ಯಾರೆ ಕಾಯಿ ತುರಿ. ನಾ ಹುರೀತೀನಿ."

"ಕೈ ಸುಡತೈತ್ರಿ ಅತ್ತಿ."

"ಕಣ್ಣಿದ್ದಾಗ ಸುಟ್ಟಿಲ್ಲೇನ?"

ಸೌಟು ಕೊಟ್ಟೆ. ಗಸಗಸೆ ಚಟಪಟ ಅನ್ನುವುದನ್ನು ತಲೆ ವಾರೆ ಮಾಡಿ ಕೇಳಿ ಇಳಿಸಿದರು. ಕಾಯಿ ಎಷ್ಟು ಕೆಂಪಾಯಿತೆಂದು ಅವರ ಮೂಗಿಗೇ ಗೊತ್ತಾಗುತ್ತಿತ್ತು. ಕೋಳಿ ಬೆಂದಿತೇ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ. ಕುದಿಯುವ ಸದ್ದು ಮಂದವಾದಾಗ ಒಂದು ಚೂರು ಬೆರಳಲ್ಲಿ ಒತ್ತಿ, ತಾವೇ ಗ್ಯಾಸ್ ಆರಿಸಿದರು. ಅಂಥ ಕೈ ನನಗೆ ಏಳು ಜನ್ಮಕ್ಕೂ ಬರಲಿಕ್ಕಿಲ್ಲ.

ಊಟಕ್ಕೆ ಕೂತ ಇವರು ಮೊದಲ ತುತ್ತಿಗೇ ತಲೆ ಎತ್ತಿ, ನನ್ನನ್ನಲ್ಲ, ತಾಯಿಯನ್ನು ನೋಡಿದರು.

"ಯವ್ವಾ, ನೀ ಮಾಡೀಯೇನ?"

ಅತ್ತೆ "ಇನ್ನೊಂದು ರೊಟ್ಟಿ ಹಾಕ್ಲೇನಪಾ?" ಎನ್ನುತ್ತ ಬಡಿಸಲು ಎದ್ದರು. ನಾನು ಏಳಲಿಲ್ಲ. ನನ್ನ ತಾಟಿಗೂ ಅವರೇ ಬಡಿಸಲಿ ಎಂದು ಸುಮ್ಮನೆ ಕೂತೆ.